ಬ್ಯಾಂಕಾಕಿನ ಪಾದಯಾತ್ರಿ

2023ರ ನವೆಂಬರಿನಲ್ಲಿ ಥಾಯ್ಲೆಂಡು ಭಾರತೀಯರಿಗೆ ವೀಸಾದ ರಗಳೆ ತಪ್ಪಿಸಿತು. ಅಲ್ಲಿಂದೀಚೆಗೆ ಬೆಂಗಳೂರಿನಿಂದ ಬ್ಯಾಂಕಾಕಿಗೆ ಹಾರುವವರಲ್ಲಿ ಎರಡು ಪಂಗಡ ಚೆನ್ನಾಗಿ ಎದ್ದು ಕಾಣುತ್ತವೆ. ಒಂದು, ಟೂರ್ ಕಂಪನಿಯ ಟೋಪಿ ಹಾಕಿಕೊಂಡು, ಅಡುಗೆಯವರನ್ನೂ ಜೊತೆಗೆ ಹೊರಡಿಸಿ, ಬಸ್ಸಿನ ಕಿಟಕಿಯಿಂದ ಊರು ನೋಡಿ ಬರುವವರು. ಇವರ ಬಗ್ಗೆ ಬರೆಯಲು ಏನೂ ಇಲ್ಲ, ಸುಖವಾಗಿದ್ದಾರೆ. ಇನ್ನೊಂದು, ಆ ಬಸ್ಸನ್ನು ಕಂಡರೆ ಮೂಗು ಮುರಿದು ಫುಟ್‌ಪಾತಿಗೆ ಇಳಿಯುವ ಒಂಟಿ ಪಾದಯಾತ್ರಿಗಳು. ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೆಯುವ ಈ ಮಹನೀಯರು ಪ್ರಯಾಣಕ್ಕೆ ತಿಂಗಳ ಮುಂಚೆಯೇ ಹೊಸ ಶೂ ಕೊಂಡು, ಮನೆಯೊಳಗೆ ಹಾಕಿಕೊಂಡು ಓಡಾಡಿ ಪಳಗಿಸುತ್ತಾರೆ. ‘ಊರು ಗೊತ್ತಾಗ್ಬೇಕಾದ್ರೆ ಒಬ್ಬನೇ ನಡೀಬೇಕು ರೀ’ ಎನ್ನುವುದು ಇವರ ಸಿದ್ಧಾಂತ. (ಹೆಣ್ಣುಮಕ್ಕಳೂ ಒಂಟಿಯಾಗಿ ಊರು ಸುತ್ತುತ್ತಾರೆ. ಆದರೆ ಅವರು ದಾರಿ ಕೇಳಿಕೊಂಡು ಹೊರಡುತ್ತಾರಾದ್ದರಿಂದ ಇಂಥ ಲೇಖನಗಳಿಗೆ ಸಿಗುವುದಿಲ್ಲ.) ಈ ಪಾದಯಾತ್ರಿಗಳು ನಡೆಯುವುದು ಸರಿ, ಅದಕ್ಕೆ ಕೊಡುವ ಕಾರಣ ಮಾತ್ರ ಪೂರ್ತಿ ತಪ್ಪು ಎನ್ನುವುದು ನನ್ನ ವಾದ.

ಮೊದಲಿಗೆ, ಬ್ಯಾಂಕಾಕು ಕಾಲಿಗಾಗಿ ಕಟ್ಟಿದ ಊರೇ ಅಲ್ಲ. 1782ರಲ್ಲಿ ಚಾವೊ ಫ್ರಾಯಾ ನದಿಯ ದಡದಲ್ಲಿ ರಾಜಧಾನಿಯಾದ ಮೇಲೆ ಎಷ್ಟೋ ದಶಕಗಳ ಕಾಲ ಅಲ್ಲಿನ ಜನ ದೋಣಿಯಲ್ಲೇ ಮಾರುಕಟ್ಟೆಗೆ ಹೋದರು, ದೋಣಿಯಲ್ಲೇ ನೆಂಟರ ಮನೆಗೆ ಹೋದರು. 1860ರ ದಶಕದಲ್ಲಿ ನಾಲ್ಕನೆಯ ರಾಮ ದೊರೆ ಚರೋನ್ ಕ್ರುಂಗ್ ಎಂಬ ರಸ್ತೆ ಮಾಡಿಸಿದ್ದಕ್ಕೆ ಒಂದು ಕಾರಣ, ಸಂಜೆ ಗಾಡಿಯಲ್ಲಿ ಅಡ್ಡಾಡಲು ಜಾಗವಿಲ್ಲದೆ ಆರೋಗ್ಯ ಕೆಡುತ್ತಿದೆ ಎಂದು ಯುರೋಪಿನ ಕಾನ್ಸಲ್‌ಗಳು ಕೊಟ್ಟ ದೂರು. ಹೊರಗಿನಿಂದ ಬಂದವರು ಈ ಊರಿನಲ್ಲಿ ಅಡ್ಡಾಡಲು ಹೊರಟು ತೊಂದರೆಪಡುವುದು ಆಗಲೇ ಶುರುವಾಗಿತ್ತು, ನಮ್ಮ ಪಾದಯಾತ್ರಿ ಆ ಪರಂಪರೆಯ ಕೊನೆಯ ಕುಡಿ. ಆಮೇಲೆ ಕಾಲುವೆಗಳಿಗೆ ಮಣ್ಣು ತುಂಬಿ ರಸ್ತೆ ಮಾಡಿದರು. ಸಾಥೋನ್ ರಸ್ತೆಯ ನಡುವೆ ಇಂದಿಗೂ ಒಂದು ಕಾಲುವೆ ಉಳಿದಿದೆ. ಸುಖುಂವಿತ್ ಕಡೆಯ ಭತ್ತದ ಗದ್ದೆಗಳು ಒಂದೊಂದಾಗಿ ಮಾರಾಟವಾದಾಗ ಒಬ್ಬೊಬ್ಬ ಮಾಲೀಕ ತನ್ನ ತುಂಡು ನೆಲದ ಉದ್ದಕ್ಕೆ ಒಂದೊಂದು ಓಣಿ ಎಳೆದ. ಅದೇ ಇವತ್ತಿನ ಸೋಯಿ. ಪಕ್ಕದ ಓಣಿಗೆ ಅಡ್ಡದಾರಿ ಬಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಪಕ್ಕದವನ ಗದ್ದೆಯ ಉಸಾಬರಿ ಯಾರಿಗೆ ಬೇಕು?

ಪಾದಯಾತ್ರಿಗೆ ಈ ಚರಿತ್ರೆ ತಿಳಿದಿರುವುದಿಲ್ಲ. ಸುಖುಂವಿತ್ ಹೆದ್ದಾರಿಯ ಒಂದು ಮಗ್ಗುಲಿಗೆ ಬೆಸ ಸಂಖ್ಯೆಯ ಓಣಿಗಳು, ಇನ್ನೊಂದು ಮಗ್ಗುಲಿಗೆ ಸಮ ಸಂಖ್ಯೆಯವು ಎಂದು ಓದಿಕೊಂಡಿರುತ್ತಾರೆ. ಆದ್ದರಿಂದ ಐವತ್ತೈದರ ಎದುರಿಗೆ ಐವತ್ತಾರು ಇರಬೇಕಲ್ಲ ಎಂದು ರಸ್ತೆ ದಾಟುತ್ತಾರೆ. ಅಲ್ಲಿ ಸಿಗುವುದು ಮೂವತ್ತೆಂಟು. ಎರಡು ಕಡೆಯ ಓಣಿಗಳು ತಮ್ಮ ಪಾಡಿಗೆ ತಾವು ಎಣಿಸಿಕೊಂಡು ಹೋಗಿವೆ, ಒಂದನ್ನೊಂದು ಕೇಳಿಲ್ಲ. ಸರಿ, ಯಾವುದೋ ಓಣಿಯೊಳಗೆ ನುಗ್ಗುತ್ತಾರೆ. ಹೋಗಬೇಕಾದ ಕೆಫೆ ಫೋನಿನ ನಕ್ಷೆಯಲ್ಲಿ ಹೆಬ್ಬೆರಳಿನ ಅಗಲದಷ್ಟು ದೂರದಲ್ಲಿದೆ. ಅರ್ಧ ಗಂಟೆ ನಡೆದ ಮೇಲೆ ಓಣಿ ಒಂದು ಅಪಾರ್ಟ್‌ಮೆಂಟಿನ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತದೆ. ಕೆಫೆ ಆ ಗೋಡೆಯ ಆಚೆ ಇದೆ, ಗಾಜಿನ ಲೋಟದಲ್ಲಿ ಮಂಜುಗಡ್ಡೆಯ ಸದ್ದು ಕೇಳುವಷ್ಟು ಹತ್ತಿರ. ವಾಚ್‌ಮನ್ ವಿನಯದಿಂದ ನಕ್ಕು ಬಂದ ದಿಕ್ಕಿಗೇ ಕೈ ತೋರಿಸುತ್ತಾನೆ. ಬಂದ ದಾರಿಗೆ ಸುಂಕವಿಲ್ಲ ಎಂದು ಗಾದೆ ಕಟ್ಟಿದವರು ಏಪ್ರಿಲ್ ಮಧ್ಯಾಹ್ನ ಬ್ಯಾಂಕಾಕಿನ ಸೋಯಿಯಲ್ಲಿ ಹಿಂದಿರುಗಿದವರಲ್ಲ.

‘ನಾನು ಟೂರಿಸ್ಟ್ ಥರ ಅಲ್ಲ, ಅಲ್ಲಿಯವರ ಥರ ಊರು ನೋಡ್ತೀನಿ’ ಎನ್ನುವುದು ಸಿದ್ಧಾಂತದ ಎರಡನೆಯ ಕಂಬ. ಅಲ್ಲಿಯವರು ಏನು ಮಾಡುತ್ತಾರೆ? ಸೋಯಿಯ ಬಾಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮೋಟಾರ್‌ಸೈಕಲ್ಲಿನವರು ಸಾಲಾಗಿ ಕಾದಿರುತ್ತಾರೆ. ಆಫೀಸಿನಿಂದ ಬಂದ ಹೆಂಗಸು ಒಂದು ಮಾತೂ ಆಡದೆ ಹಿಂದಿನ ಸೀಟಿಗೆ ಓರೆಯಾಗಿ ಕೂತು, ಫೋನಿನಿಂದ ಕಣ್ಣು ತೆಗೆಯದೆ ಮನೆ ತಲುಪುತ್ತಾಳೆ. ಗದ್ದೆಯ ಕಾಲದ ಓಣಿಗೆ ಊರು ಕಂಡುಕೊಂಡ ಮದ್ದು ಅದು. ನಮ್ಮವರು ಮಾತ್ರ ‘ನೋ ನೋ, ವಾಕಿಂಗ್’ ಎಂದು ಎದೆಯುಬ್ಬಿಸಿ ಅವರನ್ನು ದಾಟುತ್ತಾರೆ. ಹೀಗೆ ಅಲ್ಲಿಯವರ ಹಾಗೆ ಬದುಕಲು ಹೋದವರು ಇಡೀ ಓಣಿಯಲ್ಲಿ ಅಲ್ಲಿಯವರ ಹಾಗಿಲ್ಲದ ಏಕೈಕ ವ್ಯಕ್ತಿಯಾಗುತ್ತಾರೆ. ಸೇನ್ ಸೇಪ್ ಕಾಲುವೆಯ ದೋಣಿಯನ್ನೂ ಇವರು ಹತ್ತುವುದಿಲ್ಲ. ಹತ್ತಿದ್ದರೆ ಕೊಳಚೆ ನೀರು ಸಿಡಿಯದಂತೆ ಪ್ರಯಾಣಿಕರೇ ಹಗ್ಗ ಜಗ್ಗಿ ಟಾರ್ಪಾಲು ಎತ್ತುವುದನ್ನೂ, ಹೆಲ್ಮೆಟ್ ಹಾಕಿದ ಕಂಡಕ್ಟರು ದೋಣಿಯ ಅಂಚಿನ ಮೇಲೆ ಸರ್ಕಸ್ಸಿನವನಂತೆ ನಡೆಯುತ್ತ ಟಿಕೆಟ್ ಕೊಡುವುದನ್ನೂ ನೋಡಬಹುದಿತ್ತು. ಅದರ ಬದಲು ಇವರು ನೋಡುವುದು ಫುಟ್‌ಪಾತು: ಮಳೆ ನಿಂತ ಮೇಲೆ ಕಾಲಿಟ್ಟರೆ ಪ್ಯಾಂಟಿನೊಳಗೆ ನೀರು ಹಾರಿಸುವ ಸಡಿಲ ಕಲ್ಲು, ತಲೆಗೆ ತಾಗುವಂತೆ ಇಳಿಬಿದ್ದ ಕೇಬಲ್ಲಿನ ಕಂತೆ, ಹಿಂದಿನಿಂದ ಹಾರ್ನ್ ಹೊಡೆದು ದಾರಿ ಕೇಳುವ ಬೈಕು. ಇದೆಲ್ಲ ಮನೆಯ ಮುಂದೆ ಇದ್ದಾಗ ಪಾಲಿಕೆಗೆ ಬೈಗುಳ. ಇಲ್ಲಿ ಅದೇ ‘ಊರಿನ ಜೀವಂತಿಕೆ’ಯಾಗಿ ಫೋಟೋದಲ್ಲಿ ಸೇರುತ್ತದೆ.

ಇನ್ನು ಒಂಟಿತನ. ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಜೊತೆಗಾರರಿದ್ದಾರೆ, ದಾರಿಯಲ್ಲಿ ಮಜ್ಜಿಗೆ ಕೊಡುವವರಿದ್ದಾರೆ. ಇವರಿಗೆ ಯಾರೂ ಇಲ್ಲ ಎಂದುಕೊಳ್ಳಬೇಡಿ. ಮಜ್ಜಿಗೆಯ ಕೆಲಸವನ್ನು ಸೆವೆನ್-ಇಲೆವೆನ್ ಅಂಗಡಿಗಳು ವಹಿಸಿಕೊಂಡಿವೆ. ಜಪಾನು ಬಿಟ್ಟರೆ ಅವು ಅತಿ ಹೆಚ್ಚಿರುವುದು ಥಾಯ್ಲೆಂಡಿನಲ್ಲೇ. ಬಾಗಿಲು ತೆರೆದಾಗ ಬರುವ ತಣ್ಣನೆ ಗಾಳಿಗಾಗಿಯೇ ಇವರು ಬೇಡದ ಚೂಯಿಂಗ್ ಗಮ್ ಕೊಳ್ಳುತ್ತಾರೆ. ಮನೆಯವರ ವಾಟ್ಸಾಪ್ ಗುಂಪು ಜೇಬಿನಲ್ಲಿ ನಡುಗುತ್ತಲೇ ಇರುತ್ತದೆ. ಅರಮನೆಯ ಬಳಿ ಸಭ್ಯ ಉಡುಪಿನ ಒಬ್ಬರು ತಾವಾಗಿಯೇ ಬಂದು, ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ ಎಂದು ತುಕ್‌ತುಕ್ ಹತ್ತಿಸುತ್ತಾರೆ. ಆ ತುಕ್‌ತುಕ್ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯಲ್ಲಿ. ದಶಕಗಳಷ್ಟು ಹಳೆಯ ಈ ಆಟಕ್ಕೆ ಬೇಕಾದ ಮುಖ್ಯ ಸಾಮಗ್ರಿಯೇ ಒಂಟಿಯಾಗಿ ನಿಂತು ನಕ್ಷೆ ತಿರುವುತ್ತಿರುವ ಮನುಷ್ಯ, ಟೋಪಿಯ ತಂಡದವರನ್ನು ಯಾರೂ ಹೀಗೆ ಕೇಳುವುದಿಲ್ಲ. ಸಂಜೆಯ ಹೊತ್ತಿಗೆ ಸಸ್ಯಾಹಾರಿ ಪಾದಯಾತ್ರಿಗೆ ಎಲ್ಲ ಸಾರಿನಲ್ಲೂ ಮೀನಿನ ರಸ ಇದೆಯೆನ್ನುವುದು ಖಚಿತವಾಗಿ, ಕಾಲುಗಳು ತಾವಾಗಿಯೇ ಪಾಹುರಾತ್ ಕಡೆ ತಿರುಗುತ್ತವೆ. ಪಂಜಾಬಿ ಬಟ್ಟೆ ವ್ಯಾಪಾರಿಗಳ, ಗುರುದ್ವಾರದ ಆ ಬೀದಿಯಲ್ಲಿ ಚಹಾ, ರೊಟ್ಟಿ, ಬೇಳೆ ಎಲ್ಲ ಇದೆ. ಇಡೀ ದಿನ ನಡೆದು ಇವರು ಬಂದು ಸೇರಿದ್ದು ಭಾರತಕ್ಕೆ.

‘ಹಾಗಾದರೆ ಆಕಾಶರೈಲಿನಲ್ಲಿ ಕೂತು ನೋಡಬೇಕೇನು?’ ಎಂದು ಪಾದಯಾತ್ರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. 1999ರಿಂದ ಓಡುತ್ತಿರುವ ಆ ರೈಲಿನ ಎತ್ತರದಿಂದ ಕಾಣುವುದು ಜಾಹೀರಾತು ಫಲಕ, ಮಾಲುಗಳ ಹೊಟ್ಟೆ, ಪರರ ಬಾಲ್ಕನಿಯ ಒಣಗಿದ ಬಟ್ಟೆ. ಅದು ಊರನ್ನು ದಾಟಿಸುತ್ತದೆ, ತೋರಿಸುವುದಿಲ್ಲ. ಅಲ್ಲಿಯವರೂ ನಡೆಯುತ್ತಾರಲ್ಲ ಎನ್ನುವುದು ಇದಕ್ಕಿಂತ ಗಟ್ಟಿ ಆಕ್ಷೇಪ, ಮತ್ತು ಅದು ನಿಜ. ಸಿಯಾಮಿನಿಂದ ರಾಚಪ್ರಸೋಂಗಿನವರೆಗೆ ರೈಲು ಹಳಿಯ ಕೆಳಗೇ ನಡೆಸೇತುವೆಯಿದೆ. ಅದನ್ನು ಇಳಿದರೆ ಚತುರ್ಮುಖ ಬ್ರಹ್ಮನ ಗುಡಿ, ಹರಕೆ ಫಲಿಸಿದವರು ದುಡ್ಡು ಕೊಟ್ಟು ನಾಟ್ಯ ಮಾಡಿಸುವ ಜಾಗ. ನಮ್ಮಲ್ಲಿ ಪೂಜೆಗೇ ಪರದಾಡುವ ಬ್ರಹ್ಮನಿಗೆ ಅಲ್ಲಿ ಬಿಡುವಿಲ್ಲ. ಉಡಗಳು ಅಡ್ಡಾಡುವ ಲುಂಪಿನಿ ಉದ್ಯಾನದಿಂದ ಬೆಂಜಕಿತಿ ಉದ್ಯಾನಕ್ಕೆ ನಡೆದು ಹೋಗಲು ಹಸಿರು ಸೇತುವೆಯಿದೆ. 2022ರಲ್ಲಿ ಬ್ಯಾಂಕಾಕಿನ ಗವರ್ನರ್ ಆಗಿ ಆಯ್ಕೆಯಾದ ಚಚ್ಚಾತ್ ಸಿತ್ತಿಪನ್ ಫುಟ್‌ಪಾತ್ ಸರಿಪಡಿಸುವುದನ್ನು ತಮ್ಮ ಭರವಸೆಗಳಲ್ಲೇ ಸೇರಿಸಿದ್ದರು. ಆದರೆ ಪಾದಯಾತ್ರಿ ಈ ದಾರಿಗಳಿಗೆ ಕಾಲಿಡುವುದಿಲ್ಲ. ನಡೆಯಲೆಂದೇ ಮಾಡಿದ ದಾರಿಯಲ್ಲಿ ನಡೆದರೆ ಹೇಳಿಕೊಳ್ಳಲು ಏನಿರುತ್ತದೆ?

ಆದರೂ ಇವರು ನಡೆಯುವುದು ಸರಿ ಎಂದೆ. ಕಾರಣ ಆ ಗೋಡೆಯೇ. ಕಾರಿನಲ್ಲಿ ಹೋದವರಿಗೆ ಮುಚ್ಚಿದ ಓಣಿಯೆಂದರೆ ಡ್ರೈವರನ ಗೊಣಗಾಟ, ಅಷ್ಟೆ. ಗದ್ದೆಯ ಬದು ಎಲ್ಲಿ ಮುಗಿಯಿತು, ಕಾಲುವೆ ಎಲ್ಲಿ ಅಡ್ಡ ಬಂತು, ದೊಡ್ಡವರ ಕಾಂಪೌಂಡು ಯಾರ ದಾರಿಯನ್ನು ನುಂಗಿತು, ಅದರ ಹಿಂದಿನ ತಗಡಿನ ಮನೆಯವರು ಬೀದಿಗೆ ಬರಲು ಎಷ್ಟು ಸುತ್ತಬೇಕು ಎನ್ನುವುದೆಲ್ಲ ಹಿಮ್ಮಡಿಗೆ ತಿಳಿಯುತ್ತದೆ, ಏಕೆಂದರೆ ಪ್ರತಿಯೊಂದು ತಪ್ಪು ತಿರುವಿನ ಬೆಲೆಯನ್ನೂ ಅದೇ ತೆರಬೇಕು. ಪಾದಯಾತ್ರಿಯ ಬಳಿ ಈ ಇಡೀ ಪುರಾವೆ ಬೊಬ್ಬೆಯ ರೂಪದಲ್ಲಿ ಇದೆ. ಊರಿಗೆ ಬಂದು ಇವರು ಹೇಳುವುದು ಮಾತ್ರ ಒಂಟಿಯಾಗಿ ನಡೆದಾಗ ‘ನನ್ನನ್ನು ನಾನೇ ಕಂಡುಕೊಂಡೆ’ ಎಂದು. ಮೂರನೆಯ ಸಂಜೆ ಮಳೆಗೆ ಸಿಕ್ಕಿ, ಕಿತ್ತಳೆ ಅಂಗಿಯವನ ಹಿಂದಿನ ಸೀಟಿಗೆ ಸದ್ದಿಲ್ಲದೆ ಹತ್ತಿ, ಅವನ ಭುಜ ಗಟ್ಟಿಯಾಗಿ ಹಿಡಿದು ಹೋಟೆಲು ಸೇರಿದ್ದನ್ನು ಹೇಳುವುದಿಲ್ಲ. ದಾರಿಯ ಗುಂಡಿಗಳಲ್ಲಿ ಕುಲುಕಾಡಿದ್ದನ್ನೂ ಫೋನು ಹೆಜ್ಜೆಯೆಂದೇ ಎಣಿಸಿಕೊಂಡಿದ್ದರೆ, ಅದಕ್ಕೂ ಅವರ ತಕರಾರಿಲ್ಲ.