ಹಳೆಯ ಜೀಪು ಮತ್ತು ಹಸಿರು ತೆರಿಗೆ: ನಿಯಮ ಬರೆಯುವವರಿಗೊಂದು ಬಹಿರಂಗ ಪತ್ರ

ವಾಹನ ನಿಯಮಗಳನ್ನು ಬರೆಯುವ ಮಹನೀಯರಿಗೆ, ಸಾಷ್ಟಾಂಗ ನಮಸ್ಕಾರಗಳು.

ಮಲೆನಾಡು, ಕೊಡಗಿನ ತೋಟಗಳಲ್ಲಿ ಇನ್ನೂ ಏದುಸಿರು ಬಿಡುತ್ತಿರುವ ಹಳೆಯ ಮಹೀಂದ್ರ ಜೀಪುಗಳ ಮೇಲೆ ತಮಗಿರುವ ಅಕ್ಕರೆಗೆ ಮೊದಲು ಕೃತಜ್ಞತೆ ಸಲ್ಲಬೇಕು. ಹೊಸ ಡೀಸೆಲ್ ವಾಹನ ಎಷ್ಟು ವಿಷಾನಿಲ ಬಿಡಬಹುದೆಂಬ ಮಿತಿ ದೇಶದಲ್ಲಿ ಬಂದದ್ದು 1992ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಜೀಪು ಆ ಪರೀಕ್ಷೆಗೆ ಕೂತದ್ದೇ ಇಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿ, ಹಸಿರು ತೆರಿಗೆ ಕಟ್ಟಿ, ಕಪ್ಪು ಹೊಗೆ ಬಿಡುತ್ತಾ ಅದು ಗೌರವದಿಂದ ಬದುಕುತ್ತಿದೆ. ಆದರೆ ಅದೇ ಜೀಪಿನ ಎಂಜಿನ್ ಇಳಿಸಿ ಮೋಟಾರು, ಬ್ಯಾಟರಿ ಕೂರಿಸಿದರೆ ಮಾಲೀಕ ಆ ಕ್ಷಣವೇ ಅಪರಾಧಿ. ವಾಹನದ ಮೂಲರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎದುರು ನಿಲ್ಲುತ್ತದೆ. ಅದನ್ನು ದಾಟಬೇಕೆಂದರೆ, ಎಂಜಿನ್ ಬದಲು ಕೂರಿಸುವ ಬಿಡಿಭಾಗಗಳ ಕಿಟ್ಟು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರಬೇಕು, ಅದೂ ಇಂಥ ಮಾದರಿಯ ವಾಹನಕ್ಕೆಂದೇ. ತಯಾರಿಕೆ ನಿಂತು ದಶಕಗಳಾದ, ಊರಿಗೆ ನಾಲ್ಕೈದು ಉಳಿದಿರುವ ಮಾದರಿಗೆ ಅಷ್ಟು ಖರ್ಚು ಮಾಡಿ ಕಿಟ್ಟು ಪರೀಕ್ಷಿಸಲು ಯಾವ ಕಂಪನಿ ಮುಂದೆ ಬಂದೀತು? ತಾವು ಬಾಗಿಲು ತೆರೆದಿಟ್ಟಿದ್ದೀರಿ, ನಿಜ. ಅದು ಹತ್ತನೇ ಮಹಡಿಯಲ್ಲಿದೆ, ಮೆಟ್ಟಿಲಿಲ್ಲ, ಅಷ್ಟೆ.

ಹೃದಯ ಬದಲಿಸಿಕೊಳ್ಳುವುದು ಜೀಪಿನ ವಂಶಕ್ಕೆ ಹೊಸದೇನೂ ಅಲ್ಲ. 1940ರ ದಶಕದ ಕೊನೆಗೆ ಮಹೀಂದ್ರ ಇಲ್ಲಿ ಜೋಡಿಸಲು ಶುರುಮಾಡಿದ ವಿಲ್ಲೀಸ್ ಜೀಪು ಪೆಟ್ರೋಲಿನದು. ಪೆಟ್ರೋಲು ತುಟ್ಟಿಯಾದಾಗ ಊರೂರಿನ ಗ್ಯಾರೇಜುಗಳು ಆ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದವು. ಚಾಸಿಗೆ ಅಳತೆಯಲ್ಲದ ಭಾರ ಬಿತ್ತು, ಬೋಲ್ಟುಗಳು ಅದುರಿದವು, ಆದರೂ ಆರ್‌ಸಿಯಲ್ಲಿ ಒಂದು ಸಾಲು ತಿದ್ದಿದ್ದಕ್ಕೆ ದೇಶ ಮುಳುಗಲಿಲ್ಲ. ಹೊಗೆ ಹೆಚ್ಚಿಸುವ ಬದಲಾವಣೆಗೆ ಲೇತ್ ಅಂಗಡಿಯ ಮೇಸ್ತ್ರಿ ಸಾಕಾಗಿದ್ದ. ಹೊಗೆ ನಿಲ್ಲಿಸುವುದಕ್ಕೆ ಮಾತ್ರ ಪ್ರಯೋಗಾಲಯವೇ ಬೇಕು.

ಈಗ ಲೆಕ್ಕಕ್ಕೆ ಬರೋಣ. ತೋಟದ ಜೀಪು ದಿನಕ್ಕೆ ಓಡುವುದು ಹದಿನೈದು ಕಿಲೋಮೀಟರು ಎಂದಿಟ್ಟುಕೊಳ್ಳಿ. ಏರುದಾರಿಯಲ್ಲಿ ಲೀಟರಿಗೆ ಏಳೆಂಟು ಕಿಲೋಮೀಟರ್ ಕೊಟ್ಟರೆ ಎರಡು ಲೀಟರ್ ಡೀಸೆಲ್ ಬೇಕು. ಒಂದು ಲೀಟರಿನಲ್ಲಿರುವ ಶಕ್ತಿ ಸುಮಾರು 10 ಯೂನಿಟ್. ಹೀಗೆ ಸುಟ್ಟ 20 ಯೂನಿಟ್ಟಿನಲ್ಲಿ ಚಕ್ರ ಮುಟ್ಟುವುದು ನಾಲ್ಕರಲ್ಲೊಂದು ಪಾಲು. ಉಳಿದದ್ದು ರೇಡಿಯೇಟರಿಗೆ, ಸೈಲೆನ್ಸರಿಗೆ ನೈವೇದ್ಯ. ಹಾಗಾದರೆ 10 ಯೂನಿಟ್ ಹಿಡಿಯುವ ಬ್ಯಾಟರಿ ಧಾರಾಳವಾಯಿತು. ಲಿಥಿಯಂ ಐರನ್ ಫಾಸ್ಫೇಟಿನದಾದರೆ ಅದರ ತೂಕ ಸುಮಾರು 100 ಕಿಲೋ, ಇಳಿಸಿದ ಎಂಜಿನ್ ಮತ್ತದರ ಪರಿವಾರಕ್ಕಿಂತ ಕಡಿಮೆ. ಗೇರ್‌ಬಾಕ್ಸು, ಫೋರ್‌ವೀಲಿನ ಲೋ ಗೇರು ಇದ್ದಲ್ಲೇ ಇರಲಿ; ಬೇಕಾದದ್ದು ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಪ್ಲೇಟು, ಒಂದು ಕಪ್ಲಿಂಗು. ಹತ್ತು ಕಿಲೋವ್ಯಾಟಿನ ಮೋಟಾರು ಒಂದೂವರೆ ಟನ್ ಭಾರವನ್ನು ನೂರಕ್ಕೆ ಹದಿನೈದರ ಏರಿನಲ್ಲಿ ಗಂಟೆಗೆ ಹನ್ನೆರಡು ಕಿಲೋಮೀಟರಿನಂತೆ ಎಳೆಯುತ್ತದೆ. ಆ ರಸ್ತೆಗಳ ಗುಂಡಿ ಬಲ್ಲವರು ಅದಕ್ಕಿಂತ ವೇಗ ಕೇಳುವುದಿಲ್ಲ. ಹೆದ್ದಾರಿಯಲ್ಲಿ ಓಡುವ ಕಾರನ್ನು ಅಗ್ಗದಲ್ಲಿ ವಿದ್ಯುತ್ತಿಗೆ ಒಗ್ಗಿಸುವುದು ಕಷ್ಟ, ಒಪ್ಪುತ್ತೇನೆ. ತೆವಳುವ ಜೀಪೇ ಈ ಕೆಲಸಕ್ಕೆ ತಕ್ಕದ್ದು.

ಬ್ಯಾಟರಿಗೆ ಬೆಂಕಿ ಹತ್ತಿದರೆ ಎನ್ನುತ್ತೀರಿ. ಸರಿಯಾದ ಭಯ. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಉರಿದ ಮೇಲೆ ತಾವು ಬ್ಯಾಟರಿ ಮಾನದಂಡ ಬಿಗಿಗೊಳಿಸಿದ್ದು ಒಳ್ಳೆಯದೇ ಆಯಿತು. ಅಗ್ಗದ ಕೆಲಸದ ದೊಡ್ಡ ಅಪಾಯವೂ ಅಲ್ಲೇ ಇದೆ: ಎಲ್ಲಿಂದಲೋ ಬಂದ ಹಳೆಯ ಸೆಲ್ಲು, ಅದನ್ನು ಕಾಯುವ ಬಿಎಂಎಸ್ (ಬ್ಯಾಟರಿ ನಿರ್ವಹಣಾ ವ್ಯವಸ್ಥೆ) ಇಲ್ಲ, ಫ್ಯೂಸು ಇಲ್ಲ. ಬ್ರೇಕಿನ ಬೂಸ್ಟರು ಎಂಜಿನ್ನಿನ ವ್ಯಾಕ್ಯೂಮ್ ನಂಬಿಕೊಂಡಿದ್ದರೆ ಅದಕ್ಕೂ ಬೇರೆ ಪಂಪು ಬೇಕು. ಮರೆತರೆ ಘಾಟಿ ಇಳಿಯುವವನ ಗತಿ ದೇವರೇ ಬಲ್ಲ. ಆದರೆ ಇವೆಲ್ಲ ಕಣ್ಣಿಟ್ಟು ನೋಡಿದರೆ ಸಿಕ್ಕಿಬೀಳುವ ದೋಷಗಳು. ದಾರಿಯೇ ಇಲ್ಲವೆಂದಾಗ ಇಂಥ ಕೆಲಸ ಕೊಟ್ಟಿಗೆಯ ಹಿಂದೆ ನಡೆಯುತ್ತದೆ, ಅಲ್ಲಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ.

ವಿದ್ಯುತ್ತೂ ಕಲ್ಲಿದ್ದಲಿನದೇ ಅಲ್ಲವೇ ಎಂಬುದು ಬುದ್ಧಿವಂತರ ಪ್ರಶ್ನೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ಟಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇದೆ. ಚಾರ್ಜಿನ ಸೋರಿಕೆ ಸೇರಿಸಿದರೆ ಈ ಜೀಪಿನ ದಿನದ ಲೆಕ್ಕ ಐದು ಕಿಲೋದ ಹತ್ತಿರ. ಡೀಸೆಲ್ಲಿನದು ಐದು ಕಿಲೋ ದಾಟುತ್ತದೆ. ಉಳಿತಾಯ ಅಲ್ಪವೇ, ಭೂಮಿ ಉಳಿಸಿದೆನೆಂದು ಬೋರ್ಡು ಹಾಕಿಕೊಳ್ಳುವಷ್ಟಿಲ್ಲ. ಆದರೆ 1,035 ಮೆಗಾವ್ಯಾಟಿನ ಶರಾವತಿ ಜಲವಿದ್ಯುತ್ ಕೇಂದ್ರ ಇರುವ, ಪಾವಗಡದಲ್ಲಿ ಬಿಸಿಲು ಕೊಯ್ಯುವ ಕರ್ನಾಟಕದಲ್ಲಿ ಸರಾಸರಿ ಅಷ್ಟು ಕಪ್ಪಲ್ಲ. ಹೊಸ ವಾಹನಕ್ಕಾಗಿ ಉಕ್ಕು ಕರಗಿಸುವುದೂ ತಪ್ಪುತ್ತದೆ. ಇನ್ನು ಆಷಾಢದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟು ಹೋಗುತ್ತದಲ್ಲ ಎಂದರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇಂಧನ ಇಲಾಖೆಗೆ ಇನ್ನೊಂದು ಪತ್ರ ಬರೆಯಬೇಕಾದೀತು.

ಕೋರಿಕೆ ಚಿಕ್ಕದು. 250 ವ್ಯಾಟಿಗಿಂತ ಕಡಿಮೆ ಮೋಟಾರಿನ, 25 ಕಿಲೋಮೀಟರ್ ವೇಗ ಮೀರದ ವಿದ್ಯುತ್ ಸ್ಕೂಟರನ್ನು ಷರತ್ತಿನ ಮೇಲೆ ಮೋಟಾರು ವಾಹನವೇ ಅಲ್ಲವೆಂದು ಬಿಟ್ಟಿದ್ದೀರಿ. ನಿಧಾನಕ್ಕೆ ರಿಯಾಯಿತಿ ಕೊಡಬಹುದೆಂದು ತಾವೇ ಒಪ್ಪಿದಂತಾಯಿತು. ವೇಗಕ್ಕೆ ಬೀಗ ಹಾಕಿದ ಹಳೆಯ ಜೀಪಿಗೂ ಒಂದು ವರ್ಗ ಮಾಡಿ: ಹೊಸ ಸೆಲ್ಲು, ಬಿಎಂಎಸ್, ಫ್ಯೂಸು ಕಡ್ಡಾಯ; ಬ್ರೇಕು, ತೂಕ, ವೈರಿಂಗುಗಳನ್ನು ಒಂದೊಂದು ಜೀಪನ್ನೂ ನಿಲ್ಲಿಸಿ ನೋಡಲಿ; ತೋಟದಿಂದ ತೋಟಕ್ಕೆ ಪಂಚಾಯಿತಿ ರಸ್ತೆ ದಾಟಲು ಅನುಮತಿ ಇರಲಿ. ಶುಲ್ಕ ಬೇಕಿದ್ದರೆ ವಿಧಿಸಿ, ಅದಕ್ಕೂ ಹಸಿರು ತೆರಿಗೆಯೆಂದೇ ಹೆಸರಿಡಿ, ಅಭ್ಯಂತರವಿಲ್ಲ.

ಇತಿ ತಮ್ಮ ವಿಧೇಯ,
ಒಬ್ಬ ತೆರಿಗೆದಾರ