ತಪಾಸಣಾ ಮೀಮಾಂಸೆ: ಕೊಬ್ಬರಿ–ಗಸಗಸೆ ನ್ಯಾಯ ಸಹಿತ

ಗ್ರಂಥಾರಂಭದಲ್ಲಿ ಮಂಗಳಾಚರಣೆ ಮಾಡುವುದು ಶಿಷ್ಟಾಚಾರ. ಆದಕಾರಣ ಈ ಗ್ರಂಥಕರ್ತನು ಬೆಲ್ಟು, ಗಡಿಯಾರ, ಲ್ಯಾಪ್‌ಟಾಪು, ಜೇಬಿನ ಚಿಲ್ಲರೆ ಇವಿಷ್ಟನ್ನೂ ತಟ್ಟೆಯಲ್ಲಿ ನಿವೇದಿಸಿ, ಒಂದು ಕೈಯಲ್ಲಿ ಬೋರ್ಡಿಂಗ್ ಪಾಸನ್ನೂ ಇನ್ನೊಂದರಲ್ಲಿ ಪ್ಯಾಂಟನ್ನೂ ಹಿಡಿದುಕೊಂಡು, ವಿಘ್ನನಿವಾರಕನಾದ ಲೋಹಶೋಧಕ ದ್ವಾರವನ್ನು ಸದ್ದಾಗದಂತೆ ದಾಟಿದ್ದಾನೆ. ಇನ್ನು ವಿಷಯಕ್ಕೆ ಬರೋಣ.

ವಿಮಾನ ನಿಲ್ದಾಣದಲ್ಲಿ ನಮ್ಮ ಮೈ ಸವರಿ ಚೀಲ ಬಗೆಯುವ ಭದ್ರತಾ ಸಿಬ್ಬಂದಿ ಬಾಂಬು, ಬಂದೂಕು, ಚಾಕುಗಳ ಜೊತೆಗೆ ಗಾಂಜಾ, ಅಫೀಮು, ಕೊಕೇನುಗಳನ್ನೂ ಹುಡುಕಬೇಕೋ ಬೇಡವೋ ಎಂಬುದು ಸಂಶಯ. ಮೀಮಾಂಸಾ ಸೂತ್ರಕಾರ ಜೈಮಿನಿ ಮಹರ್ಷಿಗೆ ಈ ಸಂಶಯ ಬರಲಿಲ್ಲ, ಏಕೆಂದರೆ ಆತ ವಿಮಾನ ಹತ್ತಿದವನಲ್ಲ. (ಪುಷ್ಪಕ ವಿಮಾನಕ್ಕೆ ತಪಾಸಣೆ ಇರಲಿಲ್ಲವೆಂಬುದು ರಾವಣನ ನಡತೆಯಿಂದಲೇ ಸಿದ್ಧ.)

ಪೂರ್ವಾಚಾರ್ಯರಲ್ಲಿ ಕೌಟಿಲ್ಯನೇ ಗತಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಸಿಕ್ಕ ಅವನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರಷ್ಟೆ. ಅದರಲ್ಲಿ ಊರ ಹೆಬ್ಬಾಗಿಲ ಬಳಿ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿದ ಸುಂಕದ ಕಟ್ಟೆಯಲ್ಲಿ, ಬಾವುಟ ನೆಟ್ಟುಕೊಂಡು ಶುಲ್ಕಾಧ್ಯಕ್ಷ ಕೂತಿರುತ್ತಾನೆ. ನಾಲ್ಕೈದು ಮಂದಿ ಅವನ ಕೈಕೆಳಗೆ ವರ್ತಕ ಯಾರು, ಎಲ್ಲಿಯವ, ಸರಕೆಷ್ಟು ಎಂದು ಬರೆದುಕೊಳ್ಳುತ್ತಾರೆ. ಆದರೆ ಹೆಂಡಕ್ಕೆ ಬೇರೆ ಸುರಾಧ್ಯಕ್ಷ, ರಹದಾರಿ ಚೀಟಿಗೆ ಬೇರೆ ಮುದ್ರಾಧ್ಯಕ್ಷ. ಒಬ್ಬನೇ ಎಲ್ಲವನ್ನೂ ಮೂಸಿ ನೋಡಲಿ ಎಂದು ಕೌಟಿಲ್ಯನಂಥ ಅನುಮಾನದ ಪ್ರಾಣಿಯೂ ಹೇಳಲಿಲ್ಲ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲೂ ಇದೇ ಪದ್ಧತಿ. ನಿಯಮ ಬರೆಯುವುದು ಬಿಸಿಎಎಸ್, ತಡಕುವುದು ಸಿಐಎಸ್‌ಎಫ್, ಸುಂಕಕ್ಕೆ ಕಸ್ಟಮ್ಸ್, ಮಾದಕಕ್ಕೆ ಎನ್‌ಸಿಬಿ. ಅಪಹರಣಕಾರರ ಕೈಗೆ ಸಿಕ್ಕ ಐಸಿ-814 ವಿಮಾನ ಕಂದಹಾರಕ್ಕೆ ಹೋಗಿ ಕೂತ ಮೇಲೆ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಮೊದಲುಮಾಡಿ ಸಿಐಎಸ್‌ಎಫ್ ನಿಲ್ದಾಣಗಳಿಗೆ ಬಂತು. ಬಂದದ್ದು ವಿಮಾನ ಕಾಯಲು, ಪ್ರಯಾಣಿಕರ ಶೀಲ ಕಾಯಲು ಅಲ್ಲ.

ಇಲ್ಲಿ ಪೂರ್ವಪಕ್ಷ. ಸರ್ವಶೋಧವಾದಿಗಳೆಂದು ನಾನು ಕರೆಯುವ ಪಂಥದವರು ಹೇಳುತ್ತಾರೆ: ಹೇಗೂ ಚೀಲ ಬಿಚ್ಚಿದೆ, ಹೇಗೂ ಕೈ ಒಳಗಿದೆ, ಇನ್ನೆರಡು ಅಂಗುಲ ಕೆಳಗೆ ಹೋದರೆ ಗಂಟೇನು ಹೋಗುತ್ತದೆ? ಮಗುವನ್ನು ಶಾಲೆಗೆ ಬಿಡಲು ಹೊರಟವನಿಗೆ ಬರುವಾಗ ಎರಡು ಕಟ್ಟು ಸೊಪ್ಪು ತಾ ಎನ್ನುವಂಥ ವಾದ ಇದು, ಗೃಹಕೃತ್ಯದಲ್ಲಿ ಅಜೇಯವಾದದ್ದು. ಮೇಲಾಗಿ ಚೀಲವನ್ನು ಬಟ್ಟೆಯ ಚೂರಿನಿಂದ ಒರೆಸಿ ಸ್ಫೋಟಕದ ಕಣ ಪತ್ತೆ ಮಾಡುವ ಯಂತ್ರಗಳಲ್ಲಿ ಹಲವಕ್ಕೆ ಮಾದಕದ ಕಣವನ್ನೂ ಹಿಡಿಯುವ ಸಾಮರ್ಥ್ಯವಿದೆ, ಗುಂಡಿ ಒತ್ತಿದರಾಯಿತು. ಯಂತ್ರಕ್ಕೇ ಬೇಸರವಿಲ್ಲದಿರುವಾಗ ಮನುಷ್ಯನಿಗೇನು?

ಉತ್ತರವಾಗಿ ಪ್ರಮಾಣ ವಿಚಾರ. ತಪಾಸಕನ ಪ್ರತ್ಯಕ್ಷವೆಂದರೆ ಕ್ಷ-ಕಿರಣದ ಪರದೆ. ಅದರಲ್ಲಿ ಲೋಹ ನೀಲಿ, ಸಾವಯವ ಪದಾರ್ಥವೆಲ್ಲ ಕಿತ್ತಳೆ. ಚಟ್ನಿಪುಡಿ ಕಿತ್ತಳೆ, ಹುರಿಹಿಟ್ಟು ಕಿತ್ತಳೆ, ಮೈಸೂರುಪಾಕು ದಟ್ಟ ಕಿತ್ತಳೆ, ಗಾಂಜಾ ಕಿತ್ತಳೆ, ಪ್ಲಾಸ್ಟಿಕ್ ಸ್ಫೋಟಕವೂ ಕಿತ್ತಳೆ. ಹಗ್ಗದಲ್ಲಿ ಹಾವು ಕಂಡ ವೇದಾಂತಿಗೆ ಇದ್ದದ್ದು ಒಂದೇ ಭ್ರಾಂತಿ. ಇವನಿಗೆ ಅಜ್ಜಿ ಕೊಟ್ಟ ಡಬ್ಬಿಯೊಂದರಲ್ಲೇ ಐದು. ಇದು ಸಾಲದೆಂಬಂತೆ, ತಪಾಸಕ ತೂಕಡಿಸದಿರಲೆಂದು ‘ಟಿಪ್’ ಎಂಬ ತಂತ್ರಾಂಶ ಆಗಾಗ್ಗೆ ಯಾರದೋ ಚೀಲದ ಚಿತ್ರದೊಳಗೆ ಇಲ್ಲದ ಪಿಸ್ತೂಲನ್ನು ಇಟ್ಟು ತೋರಿಸುತ್ತದೆ. ಗುಂಡಿ ಒತ್ತಿದರೆ, ಶಾಬಾಸ್, ಇದು ಸುಳ್ಳು ಪಿಸ್ತೂಲು ಎನ್ನುತ್ತದೆ. ಸರ್ಕಾರಿ ಖರ್ಚಿನಲ್ಲಿ ಮಾಯಾವಾದದ ಪ್ರಯೋಗ ನಡೆಯುವ ಸ್ಥಳ ನನಗೆ ಗೊತ್ತಿದ್ದಂತೆ ಇದೊಂದೇ.

ಮಾಯೆಯನ್ನು ಅಳೆದವರೂ ಇದ್ದಾರೆ. ಜೆರೆಮಿ ವುಲ್ಫ್ ಮತ್ತು ಜೊತೆಗಾರರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು: ಹುಡುಕುವ ವಸ್ತು ನೂರರಲ್ಲಿ ಐವತ್ತು ಚಿತ್ರಗಳಲ್ಲಿದ್ದಾಗ ಜನರಿಗೆ ತಪ್ಪಿದ್ದು ಶೇ 7ರಷ್ಟು, ನೂರರಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ಶೇ 30ರಷ್ಟು. ಅಪರೂಪದ್ದು ಕಣ್ಣೆದುರೇ ಜಾರುತ್ತದೆ. ಬಾಂಬು ಅಪರೂಪ, ಗಾಂಜಾ ಅಷ್ಟು ಅಪರೂಪವಲ್ಲ. ಒಂದು ಸಿಕ್ಕ ಕೂಡಲೇ ಕಣ್ಣು ತೃಪ್ತವಾಗಿ ಇನ್ನೊಂದನ್ನು ಬಿಟ್ಟುಬಿಡುವುದು ಎಕ್ಸ್‌-ರೇ ಓದುವ ವೈದ್ಯರಿಗೂ ಪರಿಚಿತ ಕಾಯಿಲೆ. ಆದ್ದರಿಂದ ಮೇಲಿನ ಖಾನೆಯಲ್ಲಿ ಸೊಪ್ಪು ಸಿಕ್ಕ ಸಂಭ್ರಮದಲ್ಲಿ ಕೆಳಗಿನ ಖಾನೆಯ ಬಾಂಬು ವಿಮಾನ ಹತ್ತುವ ಸಾಧ್ಯತೆಯನ್ನು ಸರ್ವಶೋಧವಾದಿಗಳು ಪರಿಗಣಿಸಬೇಕು. ಅವರೂ ಅದೇ ವಿಮಾನದಲ್ಲಿರಬಹುದು.

ಈಗ ಧರ್ಮಶಾಸ್ತ್ರ. 1985ರ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಮಿನ ಪ್ರಕಾರ, ಮಾದಕದ ಅನುಮಾನದಿಂದ ಮೈ ಶೋಧಿಸುವ ಮುನ್ನ ಆ ವ್ಯಕ್ತಿ ಬಯಸಿದರೆ ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. ಈ ಹಕ್ಕು ಇದೆಯೆಂದು ಅವನಿಗೆ ಹೇಳಲೇಬೇಕೆಂದು ಸುಪ್ರೀಂ ಕೋರ್ಟು 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ವಿಧಿಸಿತು. ಬೆಳಗಿನ ಐದರ ವಿಮಾನಗಳ ಸಾಲನ್ನು ಕಂಡವರು ಒಮ್ಮೆ ಕಲ್ಪಿಸಿಕೊಳ್ಳಲಿ: ಅನುಮಾನಿತರಷ್ಟೇ ತಹಶೀಲ್ದಾರರು, ನಿದ್ದೆಗಣ್ಣಿನಲ್ಲಿ, ಫ್ಲಾಸ್ಕು ಹಿಡಿದು, ಇನ್ನೊಂದು ಸಾಲಿನಲ್ಲಿ. 2005ರಲ್ಲಿ ಪವನ್ ಕುಮಾರ್ ಪ್ರಕರಣದಲ್ಲಿ ಕೋರ್ಟು ಒಂದು ವಿವೇಕ ಮಾಡಿಕೊಟ್ಟಿತು: ಚೀಲವು ದೇಹವಲ್ಲ, ಬರೀ ಚೀಲ ನೋಡಲು ಈ ವಿಧಿ ಬೇಡ. ದೇಹವೇ ನಾನಲ್ಲವೆಂದು ವೇದಾಂತ ಮೊದಲೇ ಹೇಳಿತ್ತು, ಹೆಗಲ ಚೀಲದ ಪ್ರಶ್ನೆ ಮಾತ್ರ ಬಾಕಿ ಇತ್ತು.

ಇದಕ್ಕಿಂತ ಸೂಕ್ಷ್ಮವಾದದ್ದು 1994ರ ಬಲಬೀರ್ ಸಿಂಗ್ ತೀರ್ಪು. ಬೇರಾವುದೋ ಕಾರಣಕ್ಕೆ ಶೋಧಿಸುವಾಗ ಅಕಸ್ಮಾತ್ತಾಗಿ ಮಾದಕ ಸಿಕ್ಕರೆ 50ನೇ ಕಲಮಿನ ಉಪಚಾರ ಬೇಕಿಲ್ಲ. ಹುಡುಕಿ ಹಿಡಿದರೆ ತೊಡಕು, ಹುಡುಕದೆ ಸಿಕ್ಕರೆ ಸಲೀಸು! ನಿಷ್ಕಾಮ ಕರ್ಮಕ್ಕೆ ಇಂಥ ಪ್ರತ್ಯಕ್ಷ ಫಲ ಬೇರೆಲ್ಲೂ ಇಲ್ಲ. ಸಿಕ್ಕದ್ದನ್ನು ಪೊಲೀಸರಿಗೋ ಎನ್‌ಸಿಬಿಗೋ ಒಪ್ಪಿಸಿ ತಪಾಸಕ ಮುಂದಿನ ತಟ್ಟೆಗೆ ಕೈ ಹಾಕುತ್ತಾನೆ.

ಅಮೆರಿಕಾ ಶಾಖೆಯವರೂ ಇಲ್ಲಿಗೇ ಬಂದು ನಿಂತಿದ್ದಾರೆ. ಗೇಟಿನ ತಪಾಸಣೆ ಆಯುಧ, ಸ್ಫೋಟಕಗಳಿಗೆ ಸೀಮಿತವಾದ ಆಡಳಿತಾತ್ಮಕ ಶೋಧ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 1973ರಲ್ಲೇ ಡೇವಿಸ್ ಪ್ರಕರಣದಲ್ಲಿ ಹೇಳಿತು. ನಿಲ್ದಾಣಗಳಲ್ಲಿ ತಡಕುವ ಅವರ ಟಿಎಸ್‌ಎ, ನಾವು ಗಾಂಜಾ ಹುಡುಕುವುದಿಲ್ಲ, ಕಂಡರೆ ಪೊಲೀಸರಿಗೆ ತಿಳಿಸುತ್ತೇವೆ ಎನ್ನುತ್ತದೆ. ಪೊಲೀಸರು ಬರುತ್ತಾರೆ, ಲಾಸ್ ಏಂಜಲೀಸಿನಲ್ಲಾದರೆ ರಾಜ್ಯದ ಕಾನೂನಿನ ಪ್ರಕಾರ 28.5 ಗ್ರಾಂವರೆಗೆ ಅಡ್ಡಿಯಿಲ್ಲವೆಂದು ಹೇಳಿ ಹೋಗುತ್ತಾರೆ. ಲಾಸ್ ವೇಗಸ್ಸಿನಲ್ಲಿ 2018ರಲ್ಲಿ ಬಾಗಿಲಲ್ಲೇ ಹಸಿರು ಹುಂಡಿಗಳನ್ನು ಇಟ್ಟರು, ಹಾಕಿದವರಿಗೆ ಕ್ಷಮೆ. ಪ್ರಸಾದವಿಲ್ಲ.

ಇನ್ನು ಪ್ರಮಾಣದ ಲೆಕ್ಕ. ನಮ್ಮ ಕಾಯ್ದೆಯಲ್ಲಿ ಗಾಂಜಾದ ವಾಣಿಜ್ಯ ಪ್ರಮಾಣ 20 ಕಿಲೋ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಚೆಕ್-ಇನ್ ಚೀಲ 15 ಕಿಲೋ, ಕೈಚೀಲ 7. ಕೂಡಿದರೆ 22. ಅಂದರೆ ವಾಣಿಜ್ಯ ಪ್ರಮಾಣದ ಅಪರಾಧಿ ಹೆಚ್ಚುವರಿ ಶುಲ್ಕ ಕಟ್ಟಬಾರದೆಂದಿದ್ದರೆ ಉಟ್ಟ ಬಟ್ಟೆಯಲ್ಲೇ ಹೆಚ್ಚುಕಮ್ಮಿ ಸನ್ಯಾಸಿಯಾಗಿ ಹೊರಡಬೇಕು. ಅಪರಾಧವನ್ನು ತಡೆಯುವಲ್ಲಿ ಕೌಂಟರಿನ ತಕ್ಕಡಿಯ ಪಾತ್ರವನ್ನು ವಿದ್ವಾಂಸರು ಉಪೇಕ್ಷಿಸಿದ್ದಾರೆ.

ಪ್ರಕೃತ ಗ್ರಂಥದ ಸ್ವಂತ ಕೊಡುಗೆ ಕೊಬ್ಬರಿ–ಗಸಗಸೆ ನ್ಯಾಯ. ದುಬೈಯಲ್ಲಿರುವ ಮಗಳ ಮನೆಗೆ ಹೊರಟ ತಾಯಿಯೊಬ್ಬರ ಚೀಲ ಬಿಚ್ಚೋಣ. ಹಬ್ಬಕ್ಕೆ ಗಸಗಸೆ ಪಾಯಸವಾಗಬೇಕು, ಹಾಗಾಗಿ ಒಂದು ಪೊಟ್ಟಣ ಗಸಗಸೆ, ನಾಲ್ಕು ಗಿಟಕು ಕೊಬ್ಬರಿ. ಚೆಕ್-ಇನ್ ಚೀಲದಲ್ಲಿ ಕೊಬ್ಬರಿ ಕಂಡರೆ ತೆಗೆಯಿರಿ ಎನ್ನುತ್ತಾರೆ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು. ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಸಂಖ್ಯೆ 1363 ಇದೆ. ಗಸಗಸೆಯನ್ನು ಯಾರೂ ಕೇಳುವುದಿಲ್ಲ. ಅಫೀಮಿನ ಗಿಡದ ಬೀಜವಾದರೂ ಇಲ್ಲಿ ಅದು ದಿನಸಿ. ಅದೇ ಗಸಗಸೆ ದುಬೈಯಲ್ಲಿ ಇಳಿದೊಡನೆ ನಿಷಿದ್ಧ ಮಾದಕ, ಸಿಂಗಪುರದಲ್ಲೂ ನಿಷಿದ್ಧ. ತಡೆದದ್ದು ಅಡುಗೆಯ ಸಾಮಾನು, ಬಿಟ್ಟದ್ದು ಜೈಲಿನ ಸಾಮಾನು. ‘ಅಕ್ರಮ ಮಾದಕ’ ಹುಡುಕಬೇಕೆಂದರೆ ತಪಾಸಕ ಯಾವ ಊರಿನ ಅಕ್ರಮ ಹುಡುಕಬೇಕು? ಬೋರ್ಡಿಂಗ್ ಪಾಸು ನೋಡಿ, ಆ ದೇಶದ ದಂಡಸಂಹಿತೆ ತೆರೆದು, ತಾಯಿಯನ್ನು ಪಕ್ಕಕ್ಕೆ ಕೂರಿಸಿ ಪಾಯಸದ ಬದಲಿ ವಿಧಾನ ಸೂಚಿಸಬೇಕೆ? ಒಂದು ಪರದೆಯ ಮುಂದೆ ಸತತ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬಾರದೆಂಬ ರೂಢಿ ಇದೆ. ಅಷ್ಟರಲ್ಲಿ ಶಾವಿಗೆ ಪಾಯಸದ ಮಾತೂ ಮುಗಿಯುವುದಿಲ್ಲ.

ಇಷ್ಟೆಲ್ಲ ವಾದ ನಿರ್ಗಮನದ ಬಾಗಿಲಲ್ಲಿ ನಡೆದಿರುವಾಗ ಮಾಲು ಆಗಮನದ ಬಾಗಿಲಲ್ಲಿ ಬರುತ್ತಿದೆ. ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ಮಾದಕಗಳ ಪಟ್ಟಿಯಿಂದ ಬಿಟ್ಟ ಮೇಲೆ ಬ್ಯಾಂಕಾಕಿನ ವಿಮಾನಗಳಲ್ಲಿ ಬೆಂಗಳೂರಿಗೆ ಇಳಿದ ಹೈಡ್ರೋಪೋನಿಕ್ ಗಾಂಜಾವನ್ನು ಹಿಡಿಯುತ್ತಿರುವುದು ಕಸ್ಟಮ್ಸಿನವರು. ಕೌಟಿಲ್ಯನ ಶುಲ್ಕಾಧ್ಯಕ್ಷ, ಬಾವುಟವೊಂದಿಲ್ಲ.

ಕಡೆಯದಾಗಿ ಘ್ರಾಣ ಪ್ರಮಾಣ. ಬಾಂಬಿನ ನಾಯಿ, ಮಾದಕದ ನಾಯಿ ಎಂದು ಸಾಧಾರಣವಾಗಿ ಬೇರೆ ಬೇರೆ ನಾಯಿಗಳನ್ನೇ ಪಳಗಿಸುತ್ತಾರೆ. ಎರಡೂ ಬಲ್ಲ ನಾಯಿ ಚೀಲದ ಮುಂದೆ ಕೂತಿತೆಂದರೆ ಏನು ಮಾಡುವುದು? ಮಾದಕವಾದರೆ ಚೀಲ ಬಿಚ್ಚಬೇಕು, ಬಾಂಬಾದರೆ ಎಲ್ಲರೂ ಓಡಬೇಕು. ನಾಯಿಗೆ ವಿವರಣೆ ಕೊಡುವ ಅಭ್ಯಾಸವಿಲ್ಲ. ಈ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಖುದ್ದು ಸಂಗ್ರಹಿಸಲು ಗ್ರಂಥಕರ್ತನು ಪಟ್ಟಿ ಹಿಡಿದಿದ್ದ ಜವಾನರ ಬಳಿ ಹೋದಾಗ, “ಡ್ಯೂಟಿ ಮೇಲಿದೆ ಸಾರ್, ಮಾತಾಡಿಸಬೇಡಿ. ಮೊದಲು ನಿಮ್ಮ ಬೆಲ್ಟ್ ಹಾಕ್ಕೊಳ್ಳಿ,” ಎಂಬ ಉತ್ತರ ದೊರೆಯಿತು.