ಗುಲಗಂಜಿ ತೂಕ

ನಮ್ಮ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ಇದ್ದಾನೆ. ಕಾಶಿಯನ್ನೂ ನಮ್ಮೂರನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಪುಣ್ಯದಲ್ಲಿ ನಮ್ಮೂರೇ ಒಂದು ಗುಲಗಂಜಿ ತೂಕ ಹೆಚ್ಚಂತೆ. ತೂಕ ಜಾಸ್ತಿಯಾಯಿತೆಂದು ಹೆಮ್ಮೆಪಡುವ ಊರು ಬೇರೆ ಇದೆಯೋ ಇಲ್ಲವೋ ಕಾಣೆ. ಮದುವೆಯಾಗಿ ಮದರಾಸಿಗೆ ಬಂದ ಮೇಲೆ ಆ ಹೆಮ್ಮೆಯನ್ನು ನಾನು ಒಬ್ಬಳೇ ಹೊತ್ತು ಬೆಳೆಸಿದ್ದೆ, ಗುಲಗಂಜಿ ಲೆಕ್ಕದಲ್ಲಲ್ಲ, ಕೇಜಿ ಲೆಕ್ಕದಲ್ಲಿ. ಅಕ್ಕಸಾಲಿಗರ ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ. ಒಂದು ಕೇಜಿಗೆ ಎಂಟು ಸಾವಿರಕ್ಕೂ ಮೇಲೆ. ಮುಂದಿನ ಗುಣಾಕಾರವನ್ನು ನಾನು ಮಾಡಿದ್ದೇನೆ, ಹೇಳುವುದಿಲ್ಲ.

ಓಟ, ಈಜು ಮತ್ತೆ ಶುರುವಾಗಿದ್ದು ತೂಕದ ಚಿಂತೆಯಿಂದಲ್ಲ, ಬಡಾಯಿಯಿಂದ. 2019ರ ಬೇಸಿಗೆ. ಮಗಳಿಗೆ ಆಗ ಒಂಬತ್ತು. ಈಜು ಕಲಿಯಲು ಸೇರಿಸುತ್ತೇನೆ ಎಂದರೆ ನೀರು ಕಂಡರೆ ಭಯ ಅಂತ ಮುಖ ಊದಿಸಿಕೊಂಡಳು. ನಾನು ನಿಶಾ ಮಿಲೆಟ್ ಕಥೆ ಹೇಳಿದೆ. ಐದನೇ ವಯಸ್ಸಿನಲ್ಲಿ ಮುಳುಗುವಂತಾಗಿ ನೀರಿಗೆ ಹೆದರಿದ್ದ ಹುಡುಗಿ, ಇದೇ ಊರಿನ ಶೆಣೈ ನಗರದಲ್ಲಿ ಅಪ್ಪನಿಂದ ಈಜು ಕಲಿತಳು, ಆಮೇಲೆ ಬೆಂಗಳೂರಿನ ಹೆಸರಾಗಿ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 200 ಮೀಟರ್ ಈಜಿದಳು ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ‘ನಿನ್ನಷ್ಟಿದ್ದಾಗ ನಾನೂ ಕಾವೇರಿ ದಾಟಿದವಳೇ’ ಅಂತ ಒಂದು ಒಗ್ಗರಣೆ ಹಾಕಿಬಿಟ್ಟೆ.

‘ಎಷ್ಟು ಮೀಟರ್?’ ಎಂದಳು.

ಕಾವೇರಿಯನ್ನು ನಾವು ಯಾರೂ ಮೀಟರಿನಲ್ಲಿ ಅಳೆದವರಲ್ಲ. ಈ ದಡ, ಆ ದಡ, ಅಷ್ಟೆ. ನಿಜ ಹೇಳಬೇಕೆಂದರೆ ಅದು ಏಪ್ರಿಲ್ ತಿಂಗಳ ಕಾವೇರಿ. ಮುಕ್ಕಾಲು ಪಾಲು ಮರಳು, ಉಳಿದದ್ದರಲ್ಲಿ ಮುಕ್ಕಾಲು ಪಾಲು ಮೊಣಕಾಲುದ್ದ. ನಡುವೆ ಒಂದಿಪ್ಪತ್ತು ಮಾರು ಮಾತ್ರ ಕಾಲು ಸಿಗದ ನೀರು. ಅಲ್ಲಿಯೂ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿತ್ತು, ಪಕ್ಕದಲ್ಲಿ ಸೋದರಮಾವ ಇದ್ದರು, ಅವರ ಬಾಯಲ್ಲಿ ಬೈಗುಳವಿತ್ತು. ಇದಿಷ್ಟನ್ನೂ ಮಗಳಿಗೆ ಹೇಳಲಿಲ್ಲ. ‘ಹಾಗಾದ್ರೆ ಈಜಿ ತೋರಿಸು’ ಎಂದಳು. ತೋರಿಸುತ್ತೇನೆ ಎಂದೆ.

ಮಾತು ಕೊಟ್ಟದ್ದು ಎಂಥ ವರ್ಷದಲ್ಲಿ ನೋಡಿ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ನಾಲ್ಕು ಕೆರೆಗಳೂ ಬತ್ತಿ ನೆಲ ಬಿರಿದಿತ್ತು. ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಲ್ಲಿ. ಲಾರಿ ಬಂತೆಂದರೆ ಪ್ಲಾಸ್ಟಿಕ್ ಕೊಡಗಳ ಸಾಲು, ಆ ಸಾಲಿನಲ್ಲಿ ಯಾರ ಕೊಡ ಮುಂದೆ ಎಂಬ ವ್ಯಾಜ್ಯ. ಸ್ನಾನಕ್ಕೆ ಒಂದು ಬಕೆಟ್, ಅದನ್ನು ಪಾಲು ಮಾಡುವವರು ಅತ್ತೆ. ಅಂಥ ಹೊತ್ತಿನಲ್ಲಿ ಈಜುಕೊಳದ ಮಾತೆತ್ತುವುದು ಬರಗಾಲದಲ್ಲಿ ಹೋಳಿಗೆ ಕೇಳಿದ ಹಾಗೆ. ನಾನು ಹೋಗಬೇಕೆಂದಿದ್ದ ಕೊಳದ ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಇಣುಕಿದರೆ ನೀಲಿ ಟೈಲ್ಸಿನ ಮೇಲೆ ಎರಡು ಬೆಕ್ಕು ಮಲಗಿದ್ದವು.

ಜುಲೈ 12ಕ್ಕೆ ಜೋಲಾರಪೇಟೆಯಿಂದ ವಿಲ್ಲಿವಾಕ್ಕಂಗೆ ನೀರಿನ ರೈಲು ಬಂತು. 50 ವ್ಯಾಗನ್, 25 ಲಕ್ಷ ಲೀಟರ್. ಮೆಟ್ಟೂರಿನ ಕಡೆಯಿಂದ ಬಂದ ಕಾವೇರಿ ನೀರು ಅದು ಎಂದು ಟಿವಿಯಲ್ಲಿ ಕೇಳಿದಾಗ ಅತ್ತೆ ಕೂತಲ್ಲಿಂದಲೇ ರೈಲಿಗೆ ಕೈ ಮುಗಿದರು. ‘ನಿನ್ನ ತವರಿನವಳು ರೈಲಿನಲ್ಲಿ ಬಂದಳು ನೋಡು’ ಎಂದರು ನನಗೆ.

ನೀರಿಲ್ಲದಿದ್ದರೆ ನೆಲವಿದೆಯಲ್ಲ, ಓಡೋಣ ಎಂದುಕೊಂಡೆ. ಓಟದಲ್ಲಿ ನನಗೊಂದು ಇತಿಹಾಸ ಉಂಟು. ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ 800 ಮೀಟರ್ ಓಡಿ ಎರಡನೇ ಬಹುಮಾನವಾಗಿ ಹೆಸರು ಕೊರೆದ ಸ್ಟೀಲ್ ಲೋಟ ತಂದವಳು ನಾನು. ಈಗಲೂ ಅದರಲ್ಲೇ ಕಾಫಿ. ಓಡಿದವರು ಎಷ್ಟು ಮಂದಿ ಎಂದು ಮಾತ್ರ ಯಾರೂ ಕೇಳಬಾರದು.

ಅತ್ತೆ ಉಡುಪಿ ಕಡೆಯವರು. 1968ರಲ್ಲಿ ಮದುವೆಯಾಗಿ ಮದರಾಸಿಗೆ ಬಂದವರು. ಬೆಳಿಗ್ಗೆ ಐದಕ್ಕೆ ನಾನು ಶೂ ದಾರ ಕಟ್ಟುವುದನ್ನು ನೋಡಿ ಕೇಳಿದರು: ‘ಎಂತದು ಮಾರಾಯ್ತಿ, ಯಾರಾದರೂ ಹೋದರಾ?’

‘ಇಲ್ಲ ಅತ್ತೆ, ಓಡೋಕೆ.’

‘ಯಾರಿಂದ?’

ಇದಕ್ಕೆ ಉತ್ತರ ನನ್ನ ಬಳಿ ಇನ್ನೂ ಇಲ್ಲ. ‘ಬರುವಾಗ ಎರಡು ಪ್ಯಾಕೆಟ್ ಆವಿನ್ ಹಾಲು ತಗೊಂಡು ಬಾ, ಹಾಗೇ ಕರಿಬೇವು’ ಎಂದು ಅವರು ಅನುಮತಿ ಕೊಟ್ಟರು. ಹೀಗಾಗಿ ನನ್ನ ಓಟದ ಕೊನೆಯ ಒಂದು ಕಿಲೋಮೀಟರ್ ಇವತ್ತಿಗೂ ಎರಡು ಕೈಯಲ್ಲಿ ಅರ್ಧರ್ಧ ಲೀಟರ್ ಹಾಲಿನೊಂದಿಗೆ ನಡೆಯುತ್ತದೆ. ಕೆಲವರು ದುಡ್ಡು ಕೊಟ್ಟು ಡಂಬೆಲ್ ಕೊಳ್ಳುತ್ತಾರೆ. ಮೊದಲ ದಿನ ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್ ಎದ್ದು ನಿಂತು, ‘ಎನ್ನಮ್ಮಾ, ಬಸ್ ಪೋಯಿಡ್ಚಾ?’ ಎಂದು ಕಳವಳಪಟ್ಟ. ನಲವತ್ತು ದಾಟಿದ ಹೆಂಗಸು ಬಸ್ಸು ತಪ್ಪದೆ ಓಡುವುದು ಅವನಿಗೂ ಹೊಸತು, ನನ್ನ ಮಂಡಿಗೂ ಹೊಸತು.

ಮಂಡಿಗೆ ಸರಿಯಾದ ಜಾಗ ನಮ್ಮ ಮೈಲಾಪುರದಲ್ಲೇ ಇದೆ, ಲಜ್ ಬಳಿಯ ನಾಗೇಶ್ವರ ರಾವ್ ಪಾರ್ಕು. ಕಾಶೀನಾಥುನಿ ನಾಗೇಶ್ವರ ರಾವ್ ಎಂದರೆ 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನ ಶುರು ಮಾಡಿದ ಪುಣ್ಯಾತ್ಮರು. ಆ ಕಂಪನಿ ಆಮೇಲೆ ಮದರಾಸಿಗೆ ಬಂತು. ಓಡುವವರ, ನಡೆಯುವವರ ಪಾರ್ಕಿಗೆ ನೋವಿನ ಮುಲಾಮು ಮಾಡಿದವರ ಹೆಸರಿಟ್ಟ ಊರು ಮುಂದಾಲೋಚನೆಯ ಊರು. ಮೊದಲ ವಾರ ನಾನು ಪಾರ್ಕಿನಲ್ಲಿ ನಾಲ್ಕು ಸುತ್ತು ಓಡಿ, ಮನೆಗೆ ಬಂದು ಅವರ ಡಬ್ಬಿ ಮುಗಿಸಿದೆ.

ಧೈರ್ಯ ಬಂದ ಮೇಲೆ ಭಾನುವಾರಗಳಲ್ಲಿ ಮರೀನಾ. ಲೈಟ್‌ಹೌಸಿನಿಂದ ನೇಪಿಯರ್ ಸೇತುವೆಯ ಕಡೆಗೆ ಸುಮಾರು ಮೂರು ಕಿಲೋಮೀಟರ್. ಬಲಕ್ಕೆ ಸಮುದ್ರ, ಎಡಕ್ಕೆ ರಸ್ತೆ, ಮಧ್ಯೆ ಗರಿಕೆ ರಸ, ಬಾಳೆದಿಂಡಿನ ರಸ ಮಾರುವವರು. ದಾರಿಯ ಕೊನೆಯಲ್ಲಿ ದೇವಿಪ್ರಸಾದ್ ರಾಯ್ ಚೌಧುರಿಯವರ ಶ್ರಮಿಕರ ಪ್ರತಿಮೆ. ನಾಲ್ಕು ಮಂದಿ ಗಟ್ಟಿಗರು 1959ರಿಂದ ಒಂದು ಬಂಡೆಯನ್ನು ದೂಡುತ್ತಿದ್ದಾರೆ, ಬಂಡೆ ಇದ್ದಲ್ಲೇ ಇದೆ. ಏದುಸಿರು ಬಿಡುತ್ತಾ ಅವರ ಎದುರು ನಿಂತಾಗ ನನಗೆ ಒಳ್ಳೆಯ ಸಮಾಧಾನ ಸಿಗುತ್ತದೆ. 2022ರಲ್ಲಿ ಚೆಸ್ ಒಲಿಂಪಿಯಾಡಿಗೆಂದು ನೇಪಿಯರ್ ಸೇತುವೆಗೆ ಕಪ್ಪು-ಬಿಳಿ ಚೌಕ ಬಳಿದಾಗಲಂತೂ ಅದರ ಮೇಲೆ ಓಡುವುದು ಬೇರೆಯೇ ಅನುಭವ. ರಾಣಿಯಂತೆ ಹೊರಟು ಕಾಲಾಳಿನಂತೆ ಮುಗಿಸುತ್ತಿದ್ದೆ.

ಭಾನುವಾರದ ಓಟಕ್ಕೆ ಇವರೂ ಬರುತ್ತಾರೆ, ಸ್ಕೂಟರಿನಲ್ಲಿ. ಓಟ ಮುಗಿಯುವ ಕಡೆ ನಿಂತು ನನ್ನನ್ನು ಹತ್ತಿಸಿಕೊಂಡು ತಿರುವಲ್ಲಿಕೇಣಿಯ ರತ್ನಾ ಕೆಫೆಗೆ ಕರೆದುಕೊಂಡು ಹೋಗುವುದು ಅವರ ವ್ಯಾಯಾಮ. ಅಲ್ಲಿ ಇಡ್ಲಿಗೆ ಸಾಂಬಾರ್ ಹಾಕುವುದಿಲ್ಲ, ಸಾಂಬಾರಿಗೆ ಇಡ್ಲಿ ಬಿಡುತ್ತಾರೆ. ಎಷ್ಟೋ ಕಾಲ ನಮ್ಮ ಸಂಸಾರದಲ್ಲಿ ಈಜಿದ್ದು ಆ ಇಡ್ಲಿಯೊಂದೇ. ಉಡುಪಿ ಕಡೆಯ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಹೋಟೆಲುಗಳಿಂದ ಈ ಊರಿಗೆ ತಿಂಡಿಯ ರುಚಿ ಹತ್ತಿಸಿದವರು. ಅವರ ಡ್ರೈವ್-ಇನ್‌ನಲ್ಲಿ ಕಾರಿನೊಳಗೇ ಕೂತು ದೋಸೆ ತಿಂದದ್ದನ್ನು ಅತ್ತೆ ಈಗಲೂ ನೆನೆಯುತ್ತಾರೆ. 2008ರಲ್ಲಿ ಅದು ಮುಚ್ಚಿತು, ಎರಡು ವರ್ಷದಲ್ಲಿ ಆ ಜಾಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಜನ ದೋಸೆ ತಿಂದ ಜಾಗದಲ್ಲೇ ಈಗ ಅದನ್ನು ಕರಗಿಸುತ್ತ ನಡೆದಾಡುತ್ತಾರೆ. ಕನ್ನಡಿಗರು ತಂದ ತೂಕವನ್ನು ಇಳಿಸುವ ಜವಾಬ್ದಾರಿ ಕನ್ನಡತಿಯಾದ ನನ್ನ ಮೇಲೂ ಸ್ವಲ್ಪ ಇರಬೇಕಲ್ಲ. ಮೊದಲ ತಿಂಗಳಿನಲ್ಲಿ 800 ಗ್ರಾಂ ಇಳಿಯಿತು. ಯಾರಾದರೂ ಕೇಳಿದರೆ ಆರೂವರೆ ಸಾವಿರ ಗುಲಗಂಜಿ ಎನ್ನುತ್ತೇನೆ.

ಮಳೆ ಬಂದು ಕೊಳ ತುಂಬಿ, ನಾನು ಈಜುಡುಗೆ ಕೊಂಡು ತಂದ ಮೇಲೆ ಕೊರೋನಾ ಬಂತು. ಮತ್ತೆ ಗೇಟಿಗೆ ಬೀಗ. ಮಗಳಿಗೆ ಹನ್ನೆರಡಾಯಿತು. ಇಷ್ಟರಲ್ಲಿ ಅವಳು ತಾನೇ ಭಯ ಬಿಟ್ಟು ಈಜು ಕಲಿತು, ನನ್ನ ಬಡಾಯಿಯನ್ನು ಮಾತ್ರ ಮರೆಯದೆ ಇಟ್ಟುಕೊಂಡಿದ್ದಳು. ಸಮುದ್ರದಲ್ಲಿ ಈಜುತ್ತೇನೆ ಎಂದು ಒಮ್ಮೆ ಹೇಳಿ ನೋಡಿದೆ. ಅತ್ತೆ ಬೆಸಂಟ್ ನಗರದ ಕಡಲ ದಂಡೆಯ ಬಿಳಿ ಸ್ಮಾರಕವನ್ನು ನೆನಪಿಸಿದರು. 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟ ಕಾರ್ಲ್ ಸ್ಮಿತ್ ಎಂಬ ನಾವಿಕನದು ಅದು. ‘ಹಡಗಿನವನನ್ನೇ ಬಿಡದ ಕಡಲು ನಿನ್ನನ್ನು ಬಿಡುತ್ತದಾ?’ ಎಂದರು. ಮಲ್ಪೆಯ ಸಮುದ್ರದ ಬಳಿ ಬೆಳೆದರೂ ಪಾದ ಮುಳುಗುವಷ್ಟಕ್ಕಿಂತ ಮುಂದೆ ಹೋದವರಲ್ಲ ಅವರು.

ಕೊನೆಗೆ ಲೇಡೀಸ್ ಅವರ್ ಇರುವ ಒಂದು ಕೊಳಕ್ಕೆ ಸೇರಿದೆ. ಜಡೆಯನ್ನೆಲ್ಲ ಸುತ್ತಿ ರಬ್ಬರ್ ಟೋಪಿಯೊಳಗೆ ತುರುಕಿದರೆ ತಲೆಯ ಮೇಲೊಂದು ಇಡ್ಲಿಪಾತ್ರೆ ಕವುಚಿದಂತಾಯಿತು. ನೀರಿಗಿಳಿದೆ. ಮೂವತ್ತು ವರ್ಷದ ಹಿಂದಿನ ವಿದ್ಯೆ, ಬರುತ್ತದೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಕಾಲು ನೆಲ ಬಿಟ್ಟದ್ದೇ ತಡ, ಕೈಗಳು ನನ್ನನ್ನು ಕೇಳದೆ ಬಡಿಯತೊಡಗಿದವು. ಹಾಲಿನ ಪ್ಯಾಕೆಟ್ ಹಿಡಿದು ಓಡುವಾಗ ಕಿರುಗುಡುವ ಮಂಡಿ ಇಲ್ಲಿ ಸದ್ದೇ ಇಲ್ಲ. ನೀರಿನಲ್ಲಿ ನನಗೆ ತೂಕವಿರಲಿಲ್ಲ, ಒಂದು ಗುಲಗಂಜಿಯಷ್ಟೂ. 25 ಮೀಟರ್ ಕೊಳದ ಆ ತುದಿ ಮುಟ್ಟಿ, ಮುಖ ಚೂರೂ ಒದ್ದೆಯಾಗದೆ ನಿಂತೆ. ನಾವು ಊರಿನಲ್ಲಿ ಈಜುತ್ತಿದ್ದದ್ದೇ ಹಾಗೆ. ತಲೆ ಎತ್ತಿ, ಎದುರು ದಡದಲ್ಲಿ ಬಟ್ಟೆ ಒಗೆಯುವವರ ಜೊತೆ ಮಾತಾಡುತ್ತಾ.

ಕೋಚ್ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ‘ಆಂಟಿ, ಇದು ಯಾವ ಸ್ಟ್ರೋಕ್?’

‘ಕಾವೇರಿ ಸ್ಟ್ರೋಕ್’ ಎಂದೆ. ಪಕ್ಕದ ಲೇನಿನಲ್ಲಿದ್ದ ಮಗಳು ನೀರಿನೊಳಗೆ ಮುಳುಗಿಬಿಟ್ಟಳು, ನಗುವುದಕ್ಕೋ ನಾಚಿಕೆಗೋ.

ಮುಖ ನೀರಿನಲ್ಲಿಟ್ಟು ಉಸಿರು ಬಿಡು, ಪಕ್ಕಕ್ಕೆ ಹೊರಳಿ ಎಳೆದುಕೋ ಎಂದು ಆ ಹುಡುಗಿ ಎರಡು ತಿಂಗಳು ಹೇಳಿಕೊಟ್ಟಳು. ಈಗ ಹತ್ತು ಸುತ್ತು ಫ್ರೀಸ್ಟೈಲ್ ಮಾಡುತ್ತೇನೆ. ಕೊನೆಯ ಸುತ್ತು ಮಾತ್ರ ತಲೆ ಎತ್ತಿಕೊಂಡೇ.

ಕಷ್ಟವಿದ್ದದ್ದು ಕೊಳದಲ್ಲಲ್ಲ, ಮನೆಯ ಬಟ್ಟೆ ಒಣಹಾಕುವ ಹಗ್ಗದಲ್ಲಿ. ನನ್ನ ಈಜುಡುಗೆ ಅತ್ತೆಯ ಮಡಿಸೀರೆಯ ಪಕ್ಕ ಬಿದ್ದಿತ್ತು. ಅವರು ಮಡಿಕೋಲಿನಿಂದ ಅದನ್ನು ಮೆಲ್ಲಗೆ ಎತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಹಗ್ಗದ ತುದಿಗೆ ಸರಿಸಿದರು. ‘ಇಷ್ಟೇನಾ ಬಟ್ಟೆ?’ ಎಂದು ಕೇಳಬಹುದೆಂದು ಕಾದೆ. ‘ಇದಕ್ಕೆ ಎಷ್ಟು ಕೊಟ್ಟೆ?’ ಎಂದರು. ಹೇಳಿದೆ. ಸೀರೆಯ ಮೊಳದ ಲೆಕ್ಕದಲ್ಲಿ ನನಗೆ ಮೋಸವಾಗಿದೆ ಎಂದು ತೀರ್ಮಾನಿಸಿದರು. ಕೊಳದಿಂದ ಬಂದು ಮತ್ತೆ ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಕಾಲಿಡಬಾರದು ಎಂಬುದು ಇನ್ನೊಂದು ಕಟ್ಟಳೆ. ಎಲ್ಲರೂ ಇಳಿದ ನೀರು, ಅದರ ಮೇಲೆ ಔಷಧಿ ವಾಸನೆ. ನದಿಯಲ್ಲೂ ಎಲ್ಲರೂ ಇಳಿಯುತ್ತಾರಲ್ಲ ಅತ್ತೆ ಎಂದರೆ, ‘ಅದು ಹರಿಯುತ್ತದೆ’ ಎಂದರು. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಆದರೆ ಈ ಊರಿನ ನೀರೂ ಹರಿದೇ ಬಂದದ್ದು. 2004ರಿಂದ ವೀರಾಣಂ ಕೆರೆಯ ನೀರು ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆಯಲ್ಲಿ ಚೆನ್ನೈಗೆ ಬರುತ್ತಿದೆ. ಆ ಕೆರೆಗೆ ನೀರು ಕಾವೇರಿಯದು. ಪೂಂಡಿಗೆ 1996ರಿಂದ ಬರುವುದು ಕೃಷ್ಣೆ. ಎರಡೂ ನಮ್ಮ ಕಡೆಯಿಂದಲೇ ಹಾದು ಬಂದವು. ಅದಕ್ಕೆ ನೆಮ್ಮೇಲಿಯಲ್ಲಿ ಉಪ್ಪು ತೆಗೆದ ಸಮುದ್ರವೂ ಕೂಡುತ್ತದೆ. ಕಳೆದ ಅಕ್ಟೋಬರಿನಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ಇದನ್ನು ಮಗಳ ಪಾಠಕ್ಕೆಂದು ವಿವರಿಸುತ್ತಿದ್ದೆ. ಅತ್ತೆ ಮಜ್ಜಿಗೆ ಅನ್ನ ಕಲಸುವುದನ್ನು ನಿಲ್ಲಿಸಿದರು.

‘ಹಾಗಾದರೆ ನೀನು ಈಜುವುದು ಕಾವೇರಿಯಲ್ಲಾ?’

‘ಸ್ವಲ್ಪ ಭಾಗ, ಅತ್ತೆ.’

‘ಸ್ವಲ್ಪ ಸಾಕು. ನಾಳೆ ತುಲಾ ಸಂಕ್ರಮಣ. ಇಲ್ಲಿನವರು ಕಾವೇರಿ ಸ್ನಾನಕ್ಕೆ ಮಾಯಾವರಕ್ಕೆ ಹೋಗುತ್ತಾರೆ. ನನ್ನ ಕಾಲಿಗೆ ಅದೆಲ್ಲ ಆಗುವುದಿಲ್ಲ. ನನ್ನ ಹೆಸರಿನಲ್ಲಿ ಒಂದು ಮುಳುಗು ಹಾಕಿ ಬಾ.’

ಮರುದಿನ ಬೆಳಿಗ್ಗೆ ಲೇಡೀಸ್ ಅವರಿನಲ್ಲಿ ಫ್ರೀಸ್ಟೈಲ್ ಬಿಟ್ಟು ಆಳವಿಲ್ಲದ ಕಡೆ ನಿಂತೆ. ಮೂಗು ಹಿಡಿದು ಅತ್ತೆಯ ಹೆಸರು, ಗೋತ್ರ ಹೇಳಿಕೊಂಡು ಮುಳುಗಿದೆ. ಮಾವ ಇಲ್ಲವಲ್ಲ ಎಂದು ಅವರಿಗೊಂದು. ಊರಿನಲ್ಲಿರುವ ಅಮ್ಮನಿಗೆ, ಬೈಯುತ್ತಾ ಈಜು ಕಲಿಸಿದ ಸೋದರಮಾವನಿಗೆ ಒಂದೊಂದು. ಸ್ಕೂಟರಿನ ಮೇಲೆ ಹೊರಗೆ ಕಾಯುತ್ತಿದ್ದ ಇವರಿಗೂ ಇರಲಿ ಎಂದು ಕಿವಿಯವರೆಗೆ ಅರ್ಧ. ಎದ್ದಾಗ ಪಕ್ಕದ ಲೇನಿನಲ್ಲಿ ಮೂವರು ಹೆಂಗಸರು ಗಾಗಲ್ಸ್ ಮೇಲೆತ್ತಿ ನೋಡುತ್ತಿದ್ದರು. ಕೋಚ್ ಹುಡುಗಿ ಈ ಸಲ ಏನೂ ಕೇಳಲಿಲ್ಲ. ಮೂವರಲ್ಲಿ ಹಿರಿಯರಾದವರು ಮಾತ್ರ ಲೇನಿನ ಹಗ್ಗದಡಿ ನುಸುಳಿ ಹತ್ತಿರ ಬಂದು, ‘ಇನ್ನಿಕ್ಕಿ ಐಪ್ಪಸಿ ಪೊರಂದಾಚಾ?’, ಇವತ್ತು ತುಲಾ ಮಾಸ ಹುಟ್ಟಿತಾ ಎಂದು ಮೆಲ್ಲಗೆ ಕೇಳಿ, ತಾವೂ ಮೂಗು ಹಿಡಿದುಕೊಂಡರು.